ಪಾಪರ್ ಚೀಟಿ ಮತ್ತು ಪತ್ರಿಕೆಯ ಮೂಲೆಯ ಒಂದು ಪ್ರಕಟಣೆ

ಜೆ.ಜಿ. ಹಳ್ಳಿಯ ಹೆದ್ದಾರಿ ಬದಿಯ ಹೋಟೆಲಿನಲ್ಲಿ ವ್ಯಾಪಾರದಲ್ಲಿ ಸೋತವರ ಸುದ್ದಿ ಬಂದರೆ ಕೇಳಿಬರುವ ಮಾತು ಒಂದೇ: "ಅವನು ಪಾಪರ್ ಆಗಿಬಿಟ್ಟ." ಸ್ವಲ್ಪ ಕೋರ್ಟು ಕಂಡವರಾದರೆ "ಪಾಪರ್ ಚೀಟಿ ತಗೊಂಡ್ನಂತೆ" ಅನ್ನುತ್ತಾರೆ. ಆ ಚೀಟಿ ಕೈಗೆ ಬಂದರೆ ಸಾಲವೆಲ್ಲ ತೀರಿತು, ಇನ್ನು ಯಾರೂ ಮನೆ ಬಾಗಿಲಿಗೆ ಬರುವಂತಿಲ್ಲ ಎಂಬ ನಂಬಿಕೆ ಆ ಮಾತಿನೊಳಗೆ ಇರುತ್ತದೆ. ಶಿರಾ ದಾಟಿ ಹಿರಿಯೂರಿಗೆ ಹೋಗುವ ದಾರಿಯಲ್ಲಿ ಸಿಗುವ ಈ ಜೆ.ಜಿ. ಹಳ್ಳಿ, ಅಂದರೆ ಜವನಗೊಂಡನಹಳ್ಳಿಯಲ್ಲಷ್ಟೇ ಅಲ್ಲ, ಹೊಸದುರ್ಗ, ಹೊಳಲ್ಕೆರೆ ಕಡೆಗೂ ಇದೇ ಮಾತು, ಇದೇ ನಂಬಿಕೆ.

ಕಾನೂನಿನಲ್ಲಿ ಪಾಪರ್ ಎಂದರೆ ದಿವಾಳಿಯೆದ್ದವನು ಅಲ್ಲವೇ ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದ ಪ್ರಕಾರ, ಕೋರ್ಟ್ ಶುಲ್ಕ ಕಟ್ಟುವ ಶಕ್ತಿಯಿಲ್ಲದೆ ದಾವೆ ಹೂಡಲು ಅನುಮತಿ ಕೇಳುವವನು ಪಾಪರ್. ಅವನು ಸಾಲದಿಂದ ಓಡಿಹೋಗುವವನಲ್ಲ, ತನ್ನ ಹಕ್ಕು ಕೇಳಲು ಕೋರ್ಟಿಗೆ ಬಂದ ಬಡವ. 1976ರ ತಿದ್ದುಪಡಿಯಲ್ಲಿ ಸಂಸತ್ತು ಆ ಪದವನ್ನೇ ತೆಗೆದು ನಿರ್ಗತಿಕ ಎಂಬ ಅರ್ಥದ ಪದ ಹಾಕಿತು. ಊರಿನ ಬಾಯಲ್ಲಿ ಮಾತ್ರ ಹಳೆಯ ಪದ ಉಳಿದು, ಅರ್ಥ ಬೇರೆಲ್ಲಿಗೋ ಹೋಯಿತು.

ವ್ಯಕ್ತಿಯೊಬ್ಬನನ್ನು ದಿವಾಳಿ ಎಂದು ಘೋಷಿಸುವುದು ಬೇರೆಯೇ ಕಾಯ್ದೆ, 1920ರ ಪ್ರಾಂತೀಯ ದಿವಾಳಿ ಕಾಯ್ದೆ. ನೂರು ವರ್ಷ ದಾಟಿದರೂ ಅದಿನ್ನೂ ಬದುಕಿದೆ. ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಲಯಕ್ಕೆ. ಘೋಷಣೆಯಾದ ದಿನವೇ ಸಾಲ ಮಾಯವಾಗುವುದಿಲ್ಲ. ಆಸ್ತಿ ನ್ಯಾಯಾಲಯದ ಇಲ್ಲವೇ ಅದು ನೇಮಿಸಿದ ರಿಸೀವರ್ ವಶಕ್ಕೆ ಹೋಗಿ, ಮಾರಾಟವಾಗಿ, ಸಾಲ ಕೊಟ್ಟವರಿಗೆ ಹಂಚಿಕೆಯಾಗುತ್ತದೆ. ಆಮೇಲೆ ಬಿಡುಗಡೆ ಆದೇಶಕ್ಕೆ ಮತ್ತೊಂದು ಅರ್ಜಿ. ಮೋಸದಿಂದ ಮಾಡಿದ ಸಾಲವಾದರೆ ಬಿಡುಗಡೆಯ ಆದೇಶವೂ ಅದನ್ನು ಅಳಿಸದು. ಇನ್ನೊಂದು ಕಡೆ, ರೈತ ವಾಸವಿರುವ ಮನೆ, ಬೇಸಾಯದ ಸಲಕರಣೆ, ಬದುಕಿಗೆ ಬೇಕಾದ ಎತ್ತು, ಬಿತ್ತನೆ ಬೀಜ ಇವನ್ನು ಸಾಮಾನ್ಯ ಡಿಕ್ರಿಯ ಜಾರಿಯಲ್ಲಿ ಜಪ್ತಿ ಮಾಡುವಂತಿಲ್ಲ ಎಂದು ಸಿವಿಲ್ ಸಂಹಿತೆಯ 60ನೇ ಸೆಕ್ಷನ್ ಹೇಳುತ್ತದೆ. ಮನೆಯನ್ನೇ ಅಡಮಾನ ಇಟ್ಟಿದ್ದರೆ ಮಾತು ಬೇರೆ. ಸಾಲಕ್ಕೆ ಹೆದರಿ ಊರು ಬಿಟ್ಟವರಲ್ಲಿ ಎಷ್ಟು ಜನರಿಗೆ ಈ 60ನೇ ಸೆಕ್ಷನ್ ಬಗ್ಗೆ ಯಾರಾದರೂ ಹೇಳಿದ್ದರು? ಹೇಳಬೇಕಾದವರು ತಾಲ್ಲೂಕು ಕೋರ್ಟಿನ ವಕೀಲರು. ದಿವಾಳಿ ಕಾನೂನು ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಸೇರಿದ್ದು, ತಾಲ್ಲೂಕು ಕೋರ್ಟಿನ ಜೂನಿಯರ್‌ಗೆ ಅದರಲ್ಲಿ ಕೆಲಸವಿಲ್ಲ ಎಂಬ ಇನ್ನೊಂದು ನಂಬಿಕೆ ಇಲ್ಲಿ ನೇರವಾಗಿ ಹಾನಿ ಮಾಡುತ್ತದೆ.

"ಅದಕ್ಕೆಲ್ಲ ಬ್ಯಾರಿಸ್ಟರ್ ಆಗಿರಬೇಕು"

ಹಳಬರ ಲೆಕ್ಕದಲ್ಲಿ ಬ್ಯಾರಿಸ್ಟರ್ ಎಂದರೆ ವಕೀಲರಿಗಿಂತ ಒಂದು ಮೆಟ್ಟಿಲು ಮೇಲೆ. ಗಾಂಧೀಜಿ 1891ರಲ್ಲಿ ಇನ್ನರ್ ಟೆಂಪಲ್‌ನಿಂದ, ಅಂಬೇಡ್ಕರ್ ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಆಗಿ ಬಂದವರು. ಇಂಗ್ಲೆಂಡಿನಲ್ಲಿ ಇಂದಿಗೂ ಬ್ಯಾರಿಸ್ಟರ್ ಬೇರೆ, ಸಾಲಿಸಿಟರ್ ಬೇರೆ. ಭಾರತದಲ್ಲಿ 1961ರ ವಕೀಲರ ಕಾಯ್ದೆ ಒಂದೇ ವರ್ಗ ಉಳಿಸಿತು: ಅಡ್ವೊಕೇಟ್. ಬ್ಯಾರಿಸ್ಟರ್ ಎಂಬ ಅರ್ಹತೆಯಿಂದಲೇ ಇಲ್ಲಿ ನೋಂದಾಯಿಸಿಕೊಳ್ಳುವ ದಾರಿಯೂ 1976ರ ಡಿಸೆಂಬರ್ 31ರ ಒಳಗೆ ಆ ಪದವಿ ಪಡೆದವರಿಗಷ್ಟೇ ಸೀಮಿತವಾಯಿತು. ಚಿತ್ರದುರ್ಗದಲ್ಲಿ ವಕೀಲಿ ಮಾಡಿ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪ ಕಾನೂನು ಓದಿದ್ದು ಪುಣೆಯಲ್ಲಿ, ಲಂಡನ್ನಿನಲ್ಲಲ್ಲ.

ಕಂಪನಿ ದಿವಾಳಿ ಪ್ರಕರಣ ನಡೆಯುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ, ಎಲ್ಲರೂ ಹೇಳುವ ಎನ್‌ಸಿಎಲ್‌ಟಿಯಲ್ಲಿ, ಸನದು ಪಡೆದ ಯಾವ ವಕೀಲರೂ ವಾದಿಸಬಹುದು. ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್ ಕೂಡ ಹಾಜರಾಗಬಹುದು. ಕಕ್ಷಿದಾರರೇ ನಿಂತು ಮಾತಾಡಬಹುದು. ಕರ್ನಾಟಕಕ್ಕೆ ಪೀಠ ಬೆಂಗಳೂರಿನಲ್ಲಿದೆ, ಮೇಲ್ಮನವಿ ಹೋಗುವುದು ಮೇಲ್ಮನವಿ ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ. ಕಲಾಪದ ಭಾಷೆ ಇಂಗ್ಲಿಷ್ ಎಂಬುದು ನಿಜ. ಆದರೆ ಕನ್ನಡದ ಲೆಕ್ಕದ ಪುಸ್ತಕ, ಕೈಬರಹದ ಕರಾರು, ಲಾರಿ ರಸೀದಿ ಇವುಗಳನ್ನು ಇಂಗ್ಲಿಷಿಗೆ ತಂದು, ಯಾವ ಚೀಟಿ ಯಾವ ಬಾಕಿಗೆ ಸೇರಿದ್ದೆಂದು ಜೋಡಿಸುವವರು ಬೇಕೇ ಬೇಕು. ಆ ಕೆಲಸ ಜೆ.ಜಿ. ಹಳ್ಳಿಯಲ್ಲಿ ಬೆಳೆದವರಿಗೆ ಬರುವಷ್ಟು ಬೇರೆಯವರಿಗೆ ಬರುವುದಿಲ್ಲ.

ಹೊಸ ವಕೀಲರ ಹಣದ ಕಷ್ಟ ಮಾತ್ರ ಕಲ್ಪನೆಯಲ್ಲ. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ ಮೀರಬಾರದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಸೀನಿಯರ್‌ಗಳಿಗೆ ಸೂಚಿಸಿತು. ಅದು ಸಲಹೆ, ಕಡ್ಡಾಯವಲ್ಲ. ಕಡ್ಡಾಯವಾಗಬೇಕಿತ್ತು. ಬಾಡಿಗೆ ಕಟ್ಟಲಾಗದೆ ಮೊದಲ ವರ್ಷಗಳಲ್ಲೇ ಕೋರ್ಟು ಬಿಡುವವರಲ್ಲಿ ಹಳ್ಳಿಯ ಮೊದಲ ತಲೆಮಾರಿನ ವಕೀಲರೂ ಇದ್ದಾರೆ.

"ಕಂಪನಿ ದುಡ್ಡು ಕೊಡಲಿಲ್ಲ, ಎನ್‌ಸಿಎಲ್‌ಟಿಗೆ ಹಾಕೋಣ"

ಹಿರಿಯೂರು ಕಡೆಯ ತೆಂಗಿನ ನಾರಿನ ಘಟಕವೊಂದಕ್ಕೆ ಬೆಂಗಳೂರಿನ ಕಂಪನಿಯಿಂದ 8 ಲಕ್ಷ ರೂಪಾಯಿ ಬರಬೇಕಿದೆ ಎಂದಿಟ್ಟುಕೊಳ್ಳೋಣ. ಇತ್ತೀಚಿನ ಧೈರ್ಯದ ಸಲಹೆ ದಿವಾಳಿ ಅರ್ಜಿ ಹಾಕುವುದು. ಅದು ಒಳಗೇ ಹೋಗುವುದಿಲ್ಲ. 2016ರ ದಿವಾಳಿ ಸಂಹಿತೆ ಶುರುವಾದಾಗ ಕನಿಷ್ಠ ಬಾಕಿ 1 ಲಕ್ಷವಿತ್ತು. 2020ರ ಮಾರ್ಚ್ 24ರಂದು ಅದು 1 ಕೋಟಿಗೆ ಏರಿತು. ಬಾಕಿ ಅಷ್ಟಿದ್ದರೂ, ಸರಕು ಕೊಟ್ಟವರು ಮೊದಲು ಬೇಡಿಕೆ ನೋಟಿಸ್ ಕೊಟ್ಟು 10 ದಿನ ಕಾಯಬೇಕು. ನೋಟಿಸ್ ತಲುಪುವ ಮುಂಚೆಯೇ ಸರಕಿನ ಗುಣಮಟ್ಟದ ಬಗ್ಗೆ ನಿಜವಾದ ತಕರಾರು ಇತ್ತೆಂದು ಕಂಪನಿ ತೋರಿಸಿದರೆ ಅರ್ಜಿ ವಜಾ. 2017ರ ಮೊಬಿಲಾಕ್ಸ್ ತೀರ್ಪು ಇದನ್ನು ಗಟ್ಟಿ ಮಾಡಿತು. ಬಾಕಿ ಹುಟ್ಟಿ ಮೂರು ವರ್ಷ ಕಳೆದಿದ್ದರೂ ಕಷ್ಟ. ಕಾಲಮಿತಿ ಕಾಯ್ದೆ ಇಲ್ಲಿಗೂ ಅನ್ವಯ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಸಂಹಿತೆ ವಸೂಲಿಯ ಕಾಯ್ದೆಯಲ್ಲ ಎಂಬ ಮಾತನ್ನು 2019ರ ಸ್ವಿಸ್ ರಿಬ್ಬನ್ಸ್ ತೀರ್ಪು ಬಿಡಿಸಿ ಹೇಳಿತು.

ಹಾಗೆಂದು 8 ಲಕ್ಷ ಮುಳುಗಿತು ಅಂತಲ್ಲ. ಇಲ್ಲಿಯೇ ಜೂನಿಯರ್‌ನ ನಿಜವಾದ ಕಸುಬು ಶುರುವಾಗುವುದು. ಘಟಕ ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಉದ್ದಿಮೆಯಾಗಿದ್ದರೆ 2006ರ ಎಂಎಸ್‌ಎಂಇ ಕಾಯ್ದೆಯ ಬಲವಿದೆ: ಕರಾರಿನಲ್ಲಿ ಏನೇ ಬರೆದಿದ್ದರೂ ಖರೀದಿದಾರ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ. ದೂರು ಕೊಡಲು ಪ್ರತ್ಯೇಕ ಸೌಲಭ್ಯ ಮಂಡಳಿಯಿದೆ. ಇನ್ನೊಂದು ದಾರಿ ವಾಣಿಜ್ಯ ನ್ಯಾಯಾಲಯ. 2015ರ ಕಾಯ್ದೆಯಲ್ಲಿ 1 ಕೋಟಿ ಇದ್ದ ಮಿತಿಯನ್ನು 2018ರಲ್ಲಿ 3 ಲಕ್ಷಕ್ಕೆ ಇಳಿಸಿದ ಮೇಲೆ ಇದು ತಾಲ್ಲೂಕಿನ ವ್ಯಾಪಾರಿಗೂ ಎಟುಕುವ ವ್ಯವಸ್ಥೆ. ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ ದಾವೆಗೆ ಮುಂಚೆ ಮಧ್ಯಸ್ಥಿಕೆಗೆ ಹೋಗಲೇಬೇಕು. 2022ರ ಪಾಟೀಲ್ ಆಟೊಮೇಷನ್ ತೀರ್ಪಿನ ನಂತರ ಈ ಹೆಜ್ಜೆ ಬಿಟ್ಟ ದಾವೆಯನ್ನು ನ್ಯಾಯಾಲಯ ತಿರಸ್ಕರಿಸುತ್ತದೆ.

ಚೆಕ್ ಬೌನ್ಸ್ ಪ್ರಕರಣ ತಾಲ್ಲೂಕು ಕೋರ್ಟಿನ ಜೂನಿಯರ್‌ಗಳ ದಿನದ ಅನ್ನ. ಚೆಕ್ ಕೊಟ್ಟ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಪ್ರಕರಣ ಸತ್ತೇಹೋಯಿತು ಎಂದು ಫೈಲು ಕಟ್ಟಿಡುವವರಿದ್ದಾರೆ. ಕಂಪನಿಯ ಮೇಲಿನ ಪ್ರಕರಣ ನಿಲ್ಲುತ್ತದೆ, ಆದರೆ ಸಹಿ ಹಾಕಿದ ನಿರ್ದೇಶಕರ ಮೇಲಿನದು ಮುಂದುವರಿಯುತ್ತದೆ. 2021ರ ಮಾರ್ಚ್ 1ರ ಪಿ. ಮೋಹನರಾಜ್ ತೀರ್ಪು ಹೇಳಿದ್ದು ಇದನ್ನೇ.

"ಅರ್ಜಿ ಬಿದ್ದರೆ ಕಾರ್ಖಾನೆಗೆ ಬೀಗ"

ಹಿರಿಯೂರಿನವರಿಗೆ ಮುಚ್ಚುವುದೆಂದರೆ ಕಣ್ಣಿಗೆ ಬರುವುದು ದಶಕಗಳಿಂದ ಮುಚ್ಚಿರುವ ವಾಣಿವಿಲಾಸ ಸಹಕಾರಿ ಸಕ್ಕರೆ ಕಾರ್ಖಾನೆ. ಆದರೆ ಅದು ಸಹಕಾರಿ ಸಂಘ. ಅದರ ಸಮಾಪನ ಸಹಕಾರ ಸಂಘಗಳ ಕಾಯ್ದೆಯ ವಿಚಾರ. ಕಿಂಗ್‌ಫಿಷರ್ ಏರ್‌ಲೈನ್ಸನ್ನು 2016ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಮುಚ್ಚಲು ಆದೇಶಿಸಿದ್ದು ಹಳೆಯ ಕಂಪನಿ ಕಾಯ್ದೆಯಡಿ. ಈ ಎರಡು ನೆನಪುಗಳ ಮೇಲೆ ಹೊಸ ಸಂಹಿತೆಯನ್ನು ಅಳೆಯುವುದು ತಪ್ಪು.

ಹೊಸ ಸಂಹಿತೆಯಲ್ಲಿ ಅರ್ಜಿ ಅಂಗೀಕಾರವಾದೊಡನೆ ಕಂಪನಿಯ ಮೇಲಿನ ದಾವೆ, ಜಪ್ತಿಗಳಿಗೆ ತಡೆ ಬೀಳುತ್ತದೆ. ಆಡಳಿತ ನಿರ್ದೇಶಕರ ಕೈತಪ್ಪಿ ನ್ಯಾಯಮಂಡಳಿ ನೇಮಿಸಿದ ದಿವಾಳಿ ವೃತ್ತಿಪರರ ಕೈಗೆ ಹೋಗುತ್ತದೆ, ಕಾರ್ಖಾನೆ ನಡೆಯುತ್ತಲೇ ಇರಬೇಕು. ಸಾಲ ಕೊಟ್ಟವರ ಸಮಿತಿ ಶೇ. 66 ಮತದಿಂದ ಹೊಸ ಮಾಲೀಕನ ಯೋಜನೆಯನ್ನು ಒಪ್ಪಬಹುದು. ಎಣ್ಣೆ ವ್ಯಾಪಾರಕ್ಕೆ ಹೆಸರಾದ ಚಳ್ಳಕೆರೆಯವರಿಗೆ ಪರಿಚಯದ ಉದಾಹರಣೆ ರುಚಿ ಸೋಯಾ. 2017ರ ಕೊನೆಯಲ್ಲಿ ದಿವಾಳಿ ಪ್ರಕ್ರಿಯೆಗೆ ಹೋದ ಆ ಖಾದ್ಯತೈಲ ಕಂಪನಿಯನ್ನು 2019ರ ಡಿಸೆಂಬರ್‌ನಲ್ಲಿ ಪತಂಜಲಿ ವಹಿಸಿಕೊಂಡಿತು. ಈಗ ಅದರ ಹೆಸರು ಪತಂಜಲಿ ಫುಡ್ಸ್.

ಯೋಜನೆ ಸಿಗದೆ ಆಸ್ತಿ ಮಾರುವ ಹಂತ ಬಂದರೂ ಕಾರ್ಮಿಕರು ಕೊನೆಯಲ್ಲಿಲ್ಲ. ಪ್ರಕ್ರಿಯೆಯ ವೆಚ್ಚ ಕಳೆದ ಮೇಲೆ, ಕಾರ್ಮಿಕರ 24 ತಿಂಗಳ ಬಾಕಿಯೂ ಆಧಾರವಿರುವ ಬ್ಯಾಂಕಿನ ಸಾಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಭವಿಷ್ಯನಿಧಿ, ಗ್ರಾಚ್ಯುಟಿ ನಿಧಿಯ ಹಣ ಹಂಚಿಕೆಯ ಆಸ್ತಿಗೆ ಸೇರುವುದೇ ಇಲ್ಲ.

"ಬಾಕಿ ಕಟ್ಟಿಬಿಟ್ಟರೆ ಕೇಸು ಮುಗೀತು"

ಇಬ್ಬರ ನಡುವಿನ ಜಗಳ ಆ ಇಬ್ಬರೂ ರಾಜಿಯಾದರೆ ಮುಗಿಯುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ಸೋಲುತ್ತದೆ. ಬೆಂಗಳೂರಿನ ಬೈಜೂಸ್ ಕಂಪನಿಯ ಮೇಲೆ ಕ್ರಿಕೆಟ್ ಮಂಡಳಿ ಜೆರ್ಸಿ ಪ್ರಾಯೋಜಕತ್ವದ ಸುಮಾರು 158.9 ಕೋಟಿ ಬಾಕಿಗಾಗಿ ಹಾಕಿದ ಅರ್ಜಿಯನ್ನು 2024ರ ಜುಲೈ 16ರಂದು ಬೆಂಗಳೂರು ಪೀಠ ಅಂಗೀಕರಿಸಿತು. ಆಗಸ್ಟ್ 2ರಂದು ಚೆನ್ನೈ ಮೇಲ್ಮನವಿ ಪೀಠ ರಾಜಿಯನ್ನು ಒಪ್ಪಿತು. ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದುಮಾಡಿತು. ಅರ್ಜಿ ಅಂಗೀಕಾರವಾದ ಮೇಲೆ ಅದು ಎಲ್ಲ ಸಾಲದಾತರ ವಿಷಯ. ಹಿಂತೆಗೆಯಲು ಗೊತ್ತುಮಾಡಿದ ದಾರಿಯಲ್ಲೇ ಹೋಗಬೇಕು. ಸಾಲದಾತರ ಸಮಿತಿ ರಚನೆಯಾಗಿದ್ದರೆ ಅದರ ಶೇ. 90 ಒಪ್ಪಿಗೆ ಬೇಕು.

ಜಾಮೀನು ನಿಂತವರ ನಂಬಿಕೆ ಇನ್ನೂ ನೋವಿನದು. "ಕಂಪನಿಯ ಸಾಲ ಇತ್ಯರ್ಥವಾಯ್ತಲ್ಲ, ನನ್ನ ಸಹಿಗೇನು ಬೆಲೆ?" ಎಂದು ನೆಮ್ಮದಿಯಿಂದಿರುವ ಭಾವಮೈದ, ಗೆಳೆಯ, ಪಾಲುದಾರ ಎಷ್ಟೋ ಜನ. 2019ರ ಡಿಸೆಂಬರ್ 1ರಿಂದ ಸಂಹಿತೆಯ ವೈಯಕ್ತಿಕ ಭಾಗ ಕಂಪನಿ ಸಾಲದ ಜಾಮೀನುದಾರರಿಗೆ ಮಾತ್ರ ಜಾರಿಯಾಗಿದೆ. ಕಂಪನಿಯ ಯೋಜನೆ ಮಂಜೂರಾದ ಮಾತ್ರಕ್ಕೆ ಜಾಮೀನುದಾರ ಬಿಡುಗಡೆಯಾಗುವುದಿಲ್ಲ ಎಂದು 2021ರ ಮೇ 21ರಂದು ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಸಹಿ ಹಾಕುವ ಮುಂಚೆ ಯಾರಾದರೊಬ್ಬ ವಕೀಲರು ಪಕ್ಕದಲ್ಲಿ ಕೂತು ಆ ಪತ್ರ ಓದಿ ಹೇಳಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

"ನಮ್ಮ ಬಾಕಿ ಅವರ ಪುಸ್ತಕದಲ್ಲೇ ಇದೆಯಲ್ಲ"

ಕಂಪನಿಗೆ ಸರಕು ಕೊಟ್ಟವರು ಹೇಳುವ ಈ ಮಾತಿನಷ್ಟು ದುಬಾರಿಯಾದ ಮಾತು ಬೇರೆ ಇಲ್ಲ. 1 ಕೋಟಿಯ ಮಿತಿ ಹೊಸ ಅರ್ಜಿ ಹಾಕಲಿಕ್ಕೆ. ಬೇರೆ ಯಾರೋ ಹಾಕಿದ ಅರ್ಜಿ ಅಂಗೀಕಾರವಾದ ಮೇಲೆ 8 ಲಕ್ಷದವರೂ 80 ಸಾವಿರದವರೂ ತಮ್ಮ ಹಕ್ಕುಕೋರಿಕೆ ಸಲ್ಲಿಸಬಹುದು, ಸಲ್ಲಿಸಬೇಕು. ಸಲ್ಲಿಸದೆ ಉಳಿದು, ಮಂಜೂರಾದ ಯೋಜನೆಯಲ್ಲಿ ಸೇರದ ಬಾಕಿ ಅಲ್ಲಿಗೆ ಅಳಿಯಿತು ಎಂದು 2021ರ ಏಪ್ರಿಲ್‌ನ ಘನಶ್ಯಾಮ್ ಮಿಶ್ರಾ ತೀರ್ಪು ಹೇಳುತ್ತದೆ. ಪುಸ್ತಕದಲ್ಲಿ ಬರೆದಿತ್ತು ಎಂಬ ವಾದ ಆಮೇಲೆ ನಡೆಯುವುದಿಲ್ಲ.

ನೇಮಕವಾದ ವೃತ್ತಿಪರರು ಮೂರು ದಿನದೊಳಗೆ ಸಾರ್ವಜನಿಕ ಪ್ರಕಟಣೆ ಕೊಡಬೇಕು, ಅದು ಒಂದು ಇಂಗ್ಲಿಷ್ ಪತ್ರಿಕೆಯ ಜೊತೆಗೆ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಬರಬೇಕು. ಅಂದರೆ ಕರ್ನಾಟಕದ ಕಂಪನಿಯಾದರೆ ಆ ಸುದ್ದಿ ಕನ್ನಡ ಪತ್ರಿಕೆಯಲ್ಲೇ ಇರುತ್ತದೆ, ಒಳಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ. ಕೊನೆಯ ದಿನ ಸಾಮಾನ್ಯವಾಗಿ ನೇಮಕದಿಂದ 14ನೇ ದಿನ. ತಡವಾದರೆ ಸ್ವಲ್ಪ ಅವಕಾಶವಿದೆ, ಆದರೆ ಕಾರಣ ಹೇಳಬೇಕು. ಸರಕು ಕೊಟ್ಟವರಿಗೆ ಬಿ ನಮೂನೆ, ಕಾರ್ಮಿಕರಿಗೆ ಡಿ ನಮೂನೆ. ಶುಲ್ಕವಿಲ್ಲ, ಇಮೇಲ್‌ನಲ್ಲೇ ಕಳಿಸಬಹುದು. ಬೇಕಾದದ್ದು ಬಿಲ್ಲುಗಳು, ಲಾರಿ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಬೆಳಿಗ್ಗೆ ಹಿರಿಯೂರಿನ ಆಫೀಸಿನಲ್ಲಿ ಆ ಪುಟ ತಿರುವಿ, ಜೆ.ಜಿ. ಹಳ್ಳಿಗೆ ಫೋನು ಮಾಡಿ "ಅಣ್ಣ, ನೀವು ನಾರು ಕೊಟ್ಟಿದ್ದ ಕಂಪನಿ ಹೆಸರು ಪೇಪರಲ್ಲಿ ಬಂದಿದೆ, ಬಿಲ್ಲೆಲ್ಲ ತಗೊಂಡು ಇವತ್ತೇ ಬನ್ನಿ" ಎನ್ನುವ ಒಬ್ಬ ಜೂನಿಯರ್.