ಭೀಮವ್ವ ಬರೀ ಹಾಡು ಬರೆದವರೇ?
ಹರಪನಹಳ್ಳಿ ಭೀಮವ್ವನವರನ್ನು (1823–1903) ಸಾಹಿತ್ಯ ಚರಿತ್ರೆ ಹರಿದಾಸರ ಸಾಲಿನಲ್ಲಿ ನೆನೆಯುತ್ತದೆ. ಸಂಗೀತದ ಚರಿತ್ರೆ ಹೇಳುವವರು ಅವರ ಹೆಸರನ್ನು ಅಷ್ಟಾಗಿ ಎತ್ತುವುದಿಲ್ಲ. ಆದರೆ ‘ಭೀಮೇಶಕೃಷ್ಣ’ ಅಂಕಿತದ ಆ ಹಾಡುಗಳು ಓದಿಕೊಳ್ಳಲು ಹುಟ್ಟಿದವಲ್ಲ. ಹಸೆಗೆ ಕರೆಯುವಾಗ, ಆರತಿ ಎತ್ತುವಾಗ ಹೆಂಗಸರು ಒಟ್ಟಾಗಿ ಹಾಡುವ ಸಂಪ್ರದಾಯ ಅವುಗಳ ಹಿಂದಿದೆ. ಇಂಥ ಹಾಡು ಶಾಸ್ತ್ರ ಮುಗಿಯುವಷ್ಟು ಹೊತ್ತು ನಡೆಯಬೇಕು, ಒಬ್ಬರು ನುಡಿ ಎತ್ತಿದರೆ ಉಳಿದವರು ಪಲ್ಲವಿ ಹಿಡಿಯುವಂತಿರಬೇಕು, ಸಂಗೀತ ಕಲಿಯದವರ ಗಂಟಲಿಗೂ ಧಾಟಿ ಎಟುಕಬೇಕು. ಇಷ್ಟನ್ನು ಲೆಕ್ಕವಿಟ್ಟು ಹಾಡು ಕಟ್ಟುವುದು ಸಂಗೀತದ ಕೆಲಸವೇ. 18ನೇ ಶತಮಾನದ ಹೆಳವನಕಟ್ಟೆ ಗಿರಿಯಮ್ಮನವರಂತೂ ಚಂದ್ರಹಾಸನ ಕಥೆಯಂಥ ದೀರ್ಘ ಕಥನವನ್ನೇ ಹಾಡಾಗಿಸಿದರು. ಹಾಗಿದ್ದೂ ಇವರಿಬ್ಬರನ್ನು ಮಾತು, ಧಾಟಿ ಎರಡನ್ನೂ ಕಟ್ಟುವ ವಾಗ್ಗೇಯಕಾರರೆನ್ನಲು ನಾವು ತಡವರಿಸುತ್ತೇವೆ.

ಹಾಗೆನ್ನುವುದಕ್ಕೊಂದು ಆಕ್ಷೇಪ ಸಿದ್ಧವಾಗಿದೆ: ಅವರು ಕಟ್ಟಿದ ಧಾಟಿ ಯಾವುದೆಂಬುದಕ್ಕೆ ದಾಖಲೆ ಎಲ್ಲಿದೆ? ಇವತ್ತು ಕೇಳುವುದು ಹಾಡುವವರು ಆರಿಸಿಕೊಂಡ ರಾಗವಲ್ಲವೇ? ಆಕ್ಷೇಪ ಸುಳ್ಳಲ್ಲ. ಆದರೆ ಪುರಂದರದಾಸರ ಪದಗಳ ಗತಿಯೂ ಬಹುಮಟ್ಟಿಗೆ ಅದೇ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಕರ್ನಾಟಕ ಸಂಗೀತದ ಕಛೇರಿಯಲ್ಲಿ ಒಂದು ಧಾಟಿಯಲ್ಲಿದ್ದರೆ ಭೀಮಸೇನ ಜೋಶಿಯವರ ಕಂಠದಲ್ಲಿ ಇನ್ನೊಂದು. ಅದರಿಂದ ದಾಸರ ಸ್ಥಾನಕ್ಕೆ ಕುಂದು ಬಂದಿಲ್ಲ, ಬರಬೇಕಾಗಿಯೂ ಇಲ್ಲ. ಸರಳೆ ವರಸೆ, ಪಿಳ್ಳಾರಿ ಗೀತೆಗಳನ್ನು ಪರಂಪರೆ ಅವರ ಹೆಸರಿಗೆ ಸೇರಿಸಿದೆ, ಆ ತೂಕ ಬೇರೆಯೇ ಎನ್ನಬಹುದು, ಒಪ್ಪೋಣ. ಪದಗಳ ಮಟ್ಟಿಗಾದರೂ ಅಳತೆಗೋಲು ಒಂದೇ ಇರಲಿ. ವ್ಯತ್ಯಾಸವಿರುವುದು ಹಾಡು ಉಳಿದುಬಂದ ದಾರಿಯಲ್ಲಿ: ತ್ಯಾಗರಾಜರ ಕೃತಿಗಳನ್ನು ಶಿಷ್ಯರು ಕಾಪಾಡಿದರು. ಹೆಂಗಸರ ಹಾಡು ಅತ್ತೆಯಿಂದ ಸೊಸೆಗೆ, ತವರಿನಿಂದ ಗಂಡನ ಮನೆಗೆ ಹೋಯಿತು. ಹೋದಲ್ಲೆಲ್ಲ ಒಂದಿಷ್ಟು ಬದಲಾಯಿತು.

ಭೀಮವ್ವನವರದೇ ಕಾಲದ ಬ್ರೆಜಿಲ್‌ ಕಡೆ ನೋಡಿ. ರಿಯೊ ಡಿ ಜನೈರೊದ ಶಿಕೀನ್ಯಾ ಗೊನ್ಜಾಗಾ (1847–1935) ಗಂಡನನ್ನು ಬಿಟ್ಟು ಪಿಯಾನೊ ನಂಬಿ ಬದುಕಿದಾಕೆ; ಸಮಾಜ ಆಕೆಯನ್ನು ಸುಮ್ಮನೆ ಬಿಡಲಿಲ್ಲ. ಆದರೆ 1877ರಲ್ಲಿ ಆಕೆಯ ‘ಅತ್ರಾಯೆಂತೆ’ ಎಂಬ ಪೋಲ್ಕಾ ನೃತ್ಯಸಂಗೀತ ಅಚ್ಚಾಗಿ ಜನಪ್ರಿಯವಾಯಿತು, 1885ರಲ್ಲಿ ಆಕೆಯ ಸಂಗೀತ ನಾಟಕ ರಂಗಕ್ಕೆ ಬಂತು. 1917ರಲ್ಲಿ ರಂಗಕೃತಿಗಳ ಕರ್ತೃಗಳ ಹಕ್ಕು ಕಾಯುವ ಸಂಘದ ಸ್ಥಾಪಕರಲ್ಲಿ ಆಕೆಯೂ ಒಬ್ಬರು. ವಾದ್ಯವೃಂದಕ್ಕೆ ಸಂಗೀತ ಬರೆಯುವುದಕ್ಕೂ ಆರತಿ ಹಾಡು ಕಟ್ಟುವುದಕ್ಕೂ ಸಾಟಿಯೇ ಎಂದು ಕೇಳುವವರಿದ್ದಾರೆ. ಕಸುಬು ಬೇರೆ, ನಿಜ. ಭೀಮವ್ವನವರು ಆಪೆರಾ ಬರೆದರೆಂದು ಯಾರೂ ಹೇಳುತ್ತಿಲ್ಲ. ಆದರೆ ಗೊನ್ಜಾಗಾಗೆ ಸ್ವರಲಿಪಿ, ಪ್ರಕಾಶಕ, ಕರ್ತೃಹಕ್ಕು ಮೂರೂ ದಕ್ಕಿದವು. ಹರಪನಹಳ್ಳಿಯಲ್ಲಿ ಇದ್ದದ್ದು ಅಂಕಿತವೊಂದೇ. ಹಾಡಿನ ಕೊನೆಯ ನುಡಿಯಲ್ಲಿ ಕೂತ ಆ ಅಂಕಿತ ಕರ್ತೃತ್ವವನ್ನು ಉಳಿಸಿತು, ಧಾಟಿಯನ್ನು ಹಿಡಿದಿಡಲು ಅದಕ್ಕೆ ಆಗಲಿಲ್ಲ.

ದಾಸಸಾಹಿತ್ಯದ ಸಂಪುಟಗಳೂ ಬಹುಪಾಲು ಪದವನ್ನು ಅಚ್ಚುಮಾಡಿ, ತಲೆಯ ಮೇಲೆ ರಾಗ-ತಾಳ ನಮೂದಿಸಿ ಮುಗಿಸುತ್ತವೆ. ಬಳ್ಳಾರಿ, ದಾವಣಗೆರೆ, ರಾಯಚೂರು ಸೀಮೆಯಿಂದ ಬಂದು ಬೆಂಗಳೂರಿನ ಯಲಹಂಕ, ಆರ್.ಟಿ. ನಗರಗಳಲ್ಲಿ ನೆಲೆಸಿದ ಮನೆಗಳ ಹಿರಿಯ ಹೆಂಗಸರ ಬಾಯಲ್ಲಿ ಇಂಥ ಒಂದೇ ಹಾಡಿಗೆ ಊರಿಗೊಂದು ಧಾಟಿ ಇದ್ದೀತು. ಅವನ್ನು ಕಲಿತ ಊರಿನ ಹೆಸರಿನೊಂದಿಗೆ ಧ್ವನಿಮುದ್ರಿಸಿ, ಒಂದರ ಪಕ್ಕ ಒಂದಿಟ್ಟು ಸ್ವರ ಹಾಕಿದರೆ, ಎಲ್ಲಕ್ಕೂ ಸಮಾನವಾದ ಮೂಲ ಎಳೆ ಯಾವುದು, ಆಮೇಲೆ ಸೇರಿದ್ದು ಯಾವುದು ಎಂದು ಸಂಗೀತ ಬಲ್ಲವರು ಚರ್ಚೆಗಾದರೂ ಕೂರಬಹುದು.