ಬಟ್ಟೆ ಒಗೆಯುವ ಯಂತ್ರ ನಿಂತಾಗ ಮೊದಲು ನೀರಿನ ದಾರಿ ನೋಡಿ

ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿಯೇ ಸುಮಾರು 147 ಕಿಲೋಮೀಟರ್ ದೂರ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ವಿದ್ಯುತ್ತು ಇಷ್ಟು ಬೇಗ ಬಂದ ನೆಲದಲ್ಲಿ ನೀರು ಮಾತ್ರ ಸುಲಭವಾಗಿ ದೊರೆತದ್ದಲ್ಲ. ಗಣಿ ಪ್ರದೇಶಕ್ಕೆ ಬೇತಮಂಗಲದ ಕೆರೆಯಿಂದ ನೀರು ತರಬೇಕಾಯಿತು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ಕೊಳವೆ ಬಾವಿಗಳು ಸಾವಿರ ಅಡಿಗೂ ಕೆಳಗಿಳಿದಿವೆ. ಬಂಗಾರಪೇಟೆ, ಕೋಲಾರ, ಮಾಲೂರುಗಳ ಕುಡಿಯುವ ನೀರಿಗಾಗಿ ಕಟ್ಟಿದ ಯರಗೋಳ್ ಜಲಾಶಯ 2023ರಲ್ಲಿ ಉದ್ಘಾಟನೆಗೊಂಡಿತು. ಆದರೂ ಬಟ್ಟೆ ಒಗೆಯಲು ಕೊಳವೆ ಬಾವಿ ಅಥವಾ ಟ್ಯಾಂಕರಿನ ನೀರನ್ನೇ ನೆಚ್ಚಿಕೊಂಡಿರುವ ಮನೆಗಳು ಈ ಭಾಗದಲ್ಲಿ ಅನೇಕ.

ಇಂತಹ ನೀರು ಬಹುಮಟ್ಟಿಗೆ ಗಡಸಾಗಿರುತ್ತದೆ. ಜೊತೆಗೆ ಸಣ್ಣ ಮರಳನ್ನೂ ಹೊತ್ತು ತರುತ್ತದೆ. ಆದುದರಿಂದ ಯಂತ್ರ ನಿಂತೊಡನೆ ಅದು ಕೆಟ್ಟಿತೆಂದು ಭಾವಿಸಿ ದುರಸ್ತಿಗಾರನಿಗೆ ಹಣ ತೆರುವ ಮುನ್ನ ನೀರು ಬರುವ ಹಾಗೂ ಹೋಗುವ ದಾರಿಯನ್ನು ಪರೀಕ್ಷಿಸುವುದು ವಿವೇಕ. ಯಾವ ಪರೀಕ್ಷೆಗೂ ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ನಲ್ಲಿ ಮುಚ್ಚತಕ್ಕದ್ದು.

ನೀರು ತುಂಬದಿದ್ದರೆ

ನಲ್ಲಿ ಪೂರ್ತಿ ತೆರೆದಿದೆಯೇ, ಮಾಳಿಗೆಯ ತೊಟ್ಟಿಯಲ್ಲಿ ನೀರಿದೆಯೇ ಎಂದು ನೋಡಿ. ಅನಂತರ ಯಂತ್ರದ ಹಿಂಭಾಗದ ಪೈಪನ್ನು ತಿರುಗಿಸಿ ಬಿಚ್ಚಿರಿ. ಅದು ಸೇರುವ ಬಾಯಲ್ಲಿ ಚಿಕ್ಕ ಜಾಲರಿಯೊಂದಿದೆ. ಮರಳು, ತುಕ್ಕು ಸೇರಿ ಅದು ಕಟ್ಟಿಕೊಂಡಿರುತ್ತದೆ. ಇಕ್ಕಳದಿಂದ ಮೆಲ್ಲನೆ ಎಳೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಮರಳಿ ಕೂರಿಸಿರಿ. ತೊಟ್ಟಿ ಯಂತ್ರಕ್ಕಿಂತ ಸ್ವಲ್ಪವೇ ಎತ್ತರದಲ್ಲಿದ್ದರೆ ಒತ್ತಡ ಸಾಲದೆಯೂ ನೀರು ನಿಧಾನವಾಗಿ ಬರುವುದುಂಟು.

ನೀರು ಹೊರಹೋಗದಿದ್ದರೆ

ಹೊರಪೈಪು ಮಡಚಿಕೊಂಡಿದೆಯೇ ನೋಡಿ. ಮುಂಬಾಗಿಲಿನ ಯಂತ್ರವಾದರೆ ಅದರ ಕೆಳಮೂಲೆಯ ಸಣ್ಣ ಮುಚ್ಚಳದ ಹಿಂದೆ ಶೋಧಕವಿರುತ್ತದೆ. ಬಿಸಿನೀರಿದ್ದರೆ ಆರಲು ಬಿಟ್ಟು, ಅಗಲವಾದ ತಟ್ಟೆ ಇಟ್ಟು ನಿಧಾನವಾಗಿ ತಿರುಗಿಸಿ. ಚಿಲ್ಲರೆ ನಾಣ್ಯ, ಗುಂಡಿ, ಕೂದಲಿನ ಪಿನ್ನು, ದಾರದ ಉಂಡೆ ಅಲ್ಲಿ ಸಿಕ್ಕಿಬಿದ್ದಿರುತ್ತವೆ. ಒಗೆಯುವ ಮುನ್ನ ಜೇಬು ನೋಡುವ ಅಭ್ಯಾಸವನ್ನು ಮಕ್ಕಳಿಗೂ ಕಲಿಸಬೇಕು.

ಯಂತ್ರ ಕುಣಿದರೆ

ಸೀರೆ, ಹೊದಿಕೆಗಳು ಒಂದೇ ಕಡೆ ಮುದ್ದೆಯಾದಾಗ ಹೀಗಾಗುತ್ತದೆ. ನಿಲ್ಲಿಸಿ, ಬಿಡಿಸಿ ಹರಡಿರಿ. ಒಂದೇ ಭಾರವಾದ ಹೊದಿಕೆಯ ಬದಲು ಇನ್ನೂ ಒಂದೆರಡು ಬಟ್ಟೆಗಳೊಡನೆ ಹಾಕುವುದು ಲೇಸು. ನಾಲ್ಕು ಕಾಲುಗಳೂ ನೆಲಕ್ಕೆ ಸಮನಾಗಿ ತಾಗುತ್ತಿವೆಯೇ ನೋಡಿ. ಕಾಲುಗಳನ್ನು ತಿರುಗಿಸಿ ಎತ್ತರ ಸರಿಪಡಿಸಬಹುದು. ಹೊಸದಾಗಿ ತಂದ ಮುಂಬಾಗಿಲಿನ ಯಂತ್ರವಾದರೆ ಸಾಗಣೆಗೆ ಹಾಕಿದ ಹಿಂಭಾಗದ ಬೋಲ್ಟುಗಳನ್ನು ತೆಗೆದಿದೆಯೇ ಎಂದು ವಿಚಾರಿಸಿ.

ವಾಸನೆ ಹಾಗೂ ಬಿಳಿ ಕಲೆ

ಗಡಸು ನೀರಿನಲ್ಲಿ ನೊರೆ ಕಡಿಮೆಯೆಂದು ಪುಡಿಯನ್ನು ಮಿತಿಮೀರಿ ಸುರಿದರೆ ಅದು ಬಟ್ಟೆಯಲ್ಲಿಯೂ ಒಳತೊಟ್ಟಿಯಲ್ಲಿಯೂ ಉಳಿಯುತ್ತದೆ. ಬಿಸಿಯಾದಾಗ ಸುಣ್ಣವೂ ಹರಳುಗಟ್ಟುತ್ತದೆ. ತಿಂಗಳಿಗೊಮ್ಮೆ ಸುಮಾರು 100 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಅಂಗಡಿಯ ನಿಂಬೆ ಉಪ್ಪು ಹಾಕಿ, ಬಟ್ಟೆಯಿಲ್ಲದೆ ಬಿಸಿನೀರಿನಲ್ಲಿ ಯಂತ್ರವನ್ನು ನಡೆಸಿರಿ. ಯಂತ್ರದ ಕೈಪಿಡಿಯಲ್ಲಿ ಬೇರೆ ವಿಧಾನವಿದ್ದರೆ ಅದನ್ನೇ ಅನುಸರಿಸಿ. ಬ್ಲೀಚಿಂಗ್ ಪುಡಿಯನ್ನು ಇದರೊಡನೆ ಎಂದಿಗೂ ಬೆರೆಸಬಾರದು, ವಿಷಾನಿಲ ಹೊಮ್ಮುತ್ತದೆ. ಕೆಲಸ ಮುಗಿದ ಬಳಿಕ ಬಾಗಿಲನ್ನು ಸ್ವಲ್ಪ ತೆರೆದಿಟ್ಟು, ರಬ್ಬರಿನ ಮಡಿಕೆಯನ್ನು ಒರೆಸಿದರೆ ದುರ್ವಾಸನೆ ಇರದು.

ಕೈ ಹಾಕಬಾರದ ಕಡೆ

ಸುಟ್ಟ ವಾಸನೆ, ಮುಟ್ಟಿದರೆ ಚುರುಕೆನ್ನುವ ವಿದ್ಯುತ್ತು, ಒಳಗಿನಿಂದ ಸೋರುವ ನೀರು: ಇವುಗಳಲ್ಲಿ ಒಂದು ಕಂಡರೂ ಒದ್ದೆ ಕೈಯಿಂದ ಯಂತ್ರವನ್ನಾಗಲಿ ಪ್ಲಗ್ಗನ್ನಾಗಲಿ ಮುಟ್ಟದೆ ಮನೆಯ ಮುಖ್ಯ ಸ್ವಿಚ್ ಆರಿಸಿ, ಬಲ್ಲವರನ್ನು ಕರೆಸಿರಿ. ಮೋಟಾರು, ತಂತಿಗಳ ಮುಚ್ಚಳ ಬಿಚ್ಚುವುದು ಗೃಹಸ್ಥರ ಕೆಲಸವಲ್ಲ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಹಳೆಯ ಮನೆಗಳಲ್ಲಿ ಅದು ಇದೆಯೇ ಎಂಬುದೇ ಸಂದೇಹ. ಎಲೆಕ್ಟ್ರಿಷಿಯನ್ನರಿಂದ ಅದನ್ನು ಪರೀಕ್ಷಿಸಿ, ವಿದ್ಯುತ್ ಸೋರಿದೊಡನೆ ತಾನಾಗಿ ಕಡಿತಗೊಳಿಸುವ ಸಾಧನವನ್ನು ಹಾಕಿಸುವುದು ಕುಟುಂಬದ ಜೀವರಕ್ಷಣೆ.

ಜಾಲರಿ ತೊಳೆಯಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಉಳಿಸುವ ಹಣ ಸಾಮಾನ್ಯ ಸಂಸಾರಕ್ಕೆ ಚಿಕ್ಕದಲ್ಲ. ಯಾವುದನ್ನು ಮುಟ್ಟಬಾರದೆಂಬ ಅರಿವು ಅದಕ್ಕಿಂತಲೂ ದೊಡ್ಡ ಉಳಿತಾಯ.