ಹೃದಯದ ಹುಟ್ಟುದೋಷ: ಐದು ತಾಲ್ಲೂಕುಗಳ ಮಕ್ಕಳ ಮಾತು

ಹುಟ್ಟುವ ಸಾವಿರ ಶಿಶುಗಳಲ್ಲಿ 8-9 ಶಿಶುಗಳಿಗೆ ಹೃದಯದ ರಚನೆಯಲ್ಲೇ ದೋಷವಿರುತ್ತದೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ದೋಷಕ್ಕಿಂತ ದೊಡ್ಡ ಶತ್ರು, ಅದು ತಡವಾಗಿ ಗೊತ್ತಾಗುವುದು.

ಗರ್ಭದ ಮೊದಲ ಎಂಟು ವಾರಗಳಲ್ಲೇ, ಎಷ್ಟೋ ತಾಯಂದಿರಿಗೆ ಬಸಿರು ಖಚಿತವಾಗುವ ಹೊತ್ತಿಗೇ, ಹೃದಯ ರೂಪುಗೊಂಡಿರುತ್ತದೆ. ದೋಷಕ್ಕೆ ಕಾರಣ ಬಹಳ ಸಲ ಸಿಗುವುದೇ ಇಲ್ಲ. ಬಸುರಿಗೆ ತಗಲುವ ರುಬೆಲ್ಲಾ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಸೋದರಮಾವ ಅಥವಾ ಅತ್ತೆಯ ಮಗನೊಂದಿಗಿನ ಮದುವೆ ಅಪಾಯವನ್ನು ಹೆಚ್ಚಿಸುತ್ತವೆ. ರುಬೆಲ್ಲಾಕ್ಕೆ ಲಸಿಕೆಯಿದೆ, ದಡಾರ-ರುಬೆಲ್ಲಾ ಲಸಿಕಾ ಅಭಿಯಾನ 2017ರ ಫೆಬ್ರುವರಿಯಲ್ಲಿ ಆರಂಭವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಹೆಚ್ಚಾಗಿ ಕಾಣುವುದು ಹೃದಯದ ಗೋಡೆಯಲ್ಲಿನ ತೂತು. ಎಡಭಾಗದ ರಕ್ತ ಬಲಕ್ಕೆ ನುಗ್ಗಿ ಶ್ವಾಸಕೋಶಕ್ಕೆ ಹೊರೆಯಾಗುತ್ತದೆ. ಮಗು ಮೊಲೆ ಕುಡಿಯುವಾಗ ಬೆವರುತ್ತದೆ, ನಡುನಡುವೆ ಬಿಟ್ಟು ಏದುಸಿರು ಬಿಡುತ್ತದೆ, ತೂಕ ಏರುವುದಿಲ್ಲ, ಕೆಮ್ಮು-ಕಫ ಮತ್ತೆ ಮತ್ತೆ ಬರುತ್ತದೆ. ಮನೆಯವರು ಇದನ್ನು ದೃಷ್ಟಿಯೆಂದೋ ಬಾಲಗ್ರಹವೆಂದೋ ತಿಳಿದು ತಿಂಗಳುಗಟ್ಟಲೆ ಕಳೆಯುವುದುಂಟು. ಇನ್ನು ಕೆಲವು ಮಕ್ಕಳಲ್ಲಿ ಅಶುದ್ಧ ರಕ್ತವೇ ಮೈಗೆ ಹರಿದು ತುಟಿ, ಉಗುರು ನೀಲಿಗಟ್ಟುತ್ತವೆ. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕುಕ್ಕರುಗಾಲಲ್ಲಿ ಕೂತರೆ ಅದು ಈ ದೋಷದ ಸ್ಪಷ್ಟ ಸುಳಿವು. ಹಾಗೆ ಕೂತಾಗ ಶ್ವಾಸಕೋಶಕ್ಕೆ ಹೋಗುವ ರಕ್ತ ಹೆಚ್ಚಿ ಮಗುವಿಗೆ ಸ್ವಲ್ಪ ಹಾಯೆನಿಸುತ್ತದೆ.

ಸಣ್ಣ ತೂತುಗಳು ಎಷ್ಟೋ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕೆಳಕೋಣೆಗಳ ನಡುವಿನ ದೊಡ್ಡ ತೂತನ್ನು ಮಾತ್ರ ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಮುಚ್ಚಬೇಕು. ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ಗಡುಸಾಗಿ ಒತ್ತಡ ಏರುತ್ತದೆ, ಹರಿವು ತಿರುಗುತ್ತದೆ. ಆಮೇಲೆ ತೂತು ಮುಚ್ಚುವುದೇ ಜೀವಕ್ಕೆ ಕುತ್ತು. ಗುಣವಾಗಬಹುದಾಗಿದ್ದ ಮಗು ಬರೀ ಕಾಲ ಮೀರಿದ್ದಕ್ಕೆ ಗುಣವಾಗದೆ ಉಳಿಯುವುದು ಅತ್ಯಂತ ನೋವಿನ ಸಂಗತಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಎದೆಯಲ್ಲಿ ಅಸಹಜ ಸದ್ದು ಕೇಳಿದರೆ ಎಕೋ ಪರೀಕ್ಷೆಗೆ ಕಳಿಸುತ್ತಾರೆ. ಆದರೆ ಈ ಒಣಸೀಮೆಯ ಕುಟುಂಬಗಳು ಗುಳೆ ಹೋಗುವಾಗ ಮಕ್ಕಳೂ ಜೊತೆಗೆ ಹೊರಡುತ್ತಾರೆ. ತಂಡ ಬಂದ ದಿನ ಮಗು ಊರಲ್ಲೇ ಇರುವುದಿಲ್ಲ. ಹೆರಿಗೆಯಾದ ಆಸ್ಪತ್ರೆಯಲ್ಲೇ, ಮನೆಗೆ ಕಳಿಸುವ ಮುನ್ನ, ಶಿಶುವಿನ ಕೈ-ಪಾದಕ್ಕೆ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಹಿಡಿದು ನೋಡಿದರೆ ಗಂಭೀರ ದೋಷಗಳಲ್ಲಿ ಹಲವು ಅಲ್ಲೇ ಸಿಕ್ಕಿಬೀಳುತ್ತವೆ. ಇದಕ್ಕೆ ಬೇಕಾದದ್ದು ಕೆಲವೇ ನಿಮಿಷ.

ಚಿಕಿತ್ಸೆ ಬೆಂಗಳೂರಿನಲ್ಲಿದೆ, 250 ಕಿಲೋಮೀಟರಿಗೂ ದೂರ. ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ್ದು. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಉಚಿತ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಕೆಲವು ತೂತುಗಳನ್ನು ಎದೆ ಕೊಯ್ಯದೆ, ತೊಡೆಯ ರಕ್ತನಾಳದ ಮೂಲಕ ಸಾಧನ ಕಳಿಸಿ ಮುಚ್ಚುತ್ತಾರೆ. ಆದರೂ ಕಳೆದುಹೋಗುವ ಕೂಲಿ, ಮನೆಯಲ್ಲಿ ಬಿಟ್ಟುಬಂದ ಉಳಿದ ಮಕ್ಕಳ ಚಿಂತೆ ಯಾವ ಯೋಜನೆಯಲ್ಲೂ ಸೇರುವುದಿಲ್ಲ.

ಸಾಮಾನ್ಯ ತೂತು ಸಕಾಲಕ್ಕೆ ಮುಚ್ಚಿದ ಮಕ್ಕಳಲ್ಲಿ ಬಹುತೇಕರು ಶಾಲೆಗೆ ಹೋಗಿ ಇತರರಂತೆಯೇ ಆಡಬಲ್ಲರು. ವೈದ್ಯರು ಹೇಳಿದಾಗ ಎಕೋ ಮಾಡಿಸಬೇಕು, ಹಲ್ಲು ಹುಳುಕಾಗದಂತೆ ನೋಡಿಕೊಳ್ಳಬೇಕು. ಬಾಯಿಯ ಸೋಂಕು ರಕ್ತದ ಮೂಲಕ ಹೃದಯಕ್ಕೂ ಏರಬಲ್ಲದು. ಗುಳೆ ಹೊರಡುವವರು ಶಸ್ತ್ರಚಿಕಿತ್ಸೆಯ ಕಾಗದಗಳನ್ನು ಜೊತೆಗೊಯ್ದರೆ ಹೋದ ಊರಿನ ವೈದ್ಯರಿಗೂ ಮಗುವಿನ ಸ್ಥಿತಿ ತಿಳಿಯುತ್ತದೆ.